ಲೈಬ್ರರಿಯ ಸುತ್ತ ನಡೆಯುವ ಬಾಲ್ಯದ ಪತ್ತೇದಾರಿ ಸರಣಿ, ಮತ್ತೊಮ್ಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರ್ನಾಲ್ಕು ಮಕ್ಕಳು, ಒಂದು ಹಳೇ ಲೈಬ್ರರಿ, ಕಾಣೆಯಾದ ಪುಸ್ತಕ, ಬೀಗ ಹಾಕಿದ ಮೇಲೂ ಒಳಗೆ ಓಡಾಡುವ ಟಾರ್ಚ್ ಬೆಳಕು. ಸರಣಿಯ ಹೆಸರು ಬೇರೆ ಇರಬಹುದು, ಸಾಮಾನು ಸರಂಜಾಮು ಹೆಚ್ಚುಕಮ್ಮಿ ಇವೇ. ದೊಡ್ಡವರಾದ ಮೇಲೆ ಇಂಥ ಸರಣಿಗೆ ಮರಳುವವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಎರಡನೇ ಓದಿನಲ್ಲಿ ಕಳ್ಳನ ಬೆನ್ನು ಹತ್ತುವುದಕ್ಕಿಂತ ಲೈಬ್ರರಿ ತನ್ನ ಲೆಕ್ಕ ಹೇಗೆ ಇಡುತ್ತದೆ ಎಂದು ನೋಡುವುದರಲ್ಲೇ ಮಜಾ ಜಾಸ್ತಿ.

## ಶುರು ಮಾಡುವ ಮುಂಚೆ

ಕಳ್ಳ ಯಾರು ಅಂತ ಗೊತ್ತಿದೆಯಲ್ಲ, ಮತ್ತೆ ಓದಿ ಏನು ಪ್ರಯೋಜನ?

ಗೊತ್ತಿರುವುದೇ ಒಳ್ಳೆಯದಾಯಿತು. ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಇದನ್ನೇ ಪರೀಕ್ಷಿಸಿದರು. 12 ಸಣ್ಣ ಕಥೆಗಳನ್ನು ಕೆಲವರಿಗೆ ಹಾಗೇ ಕೊಟ್ಟರು, ಕೆಲವರಿಗೆ ಕೊನೆ ಮೊದಲೇ ಹೇಳಿ ಕೊಟ್ಟರು. ಅದರಲ್ಲಿ ಪತ್ತೇದಾರಿ ಕಥೆಗಳೂ ಇದ್ದವು. ಕೊನೆ ಗೊತ್ತಿದ್ದವರಿಗೇ ಕಥೆ ಸ್ವಲ್ಪ ಜಾಸ್ತಿ ಹಿಡಿಸಿತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ಉಲ್ಟಾ ಫಲಿತಾಂಶವೂ ಬಂದಿದೆ, ಹಾಗಾಗಿ ಇದನ್ನೇ ಕೊನೆಯ ಮಾತು ಅನ್ನಬೇಡಿ.

ನನ್ನ ಕಾರಣ ಬೇರೆ. ಮೊದಲ ಓದಿನಲ್ಲಿ ನಾವು ಓಡುತ್ತಿರುತ್ತೇವೆ. ಲೇಖಕರು ಸುಳಿವನ್ನು ಎಲ್ಲಿ ಬಚ್ಚಿಟ್ಟರು, ನಮ್ಮ ಗಮನವನ್ನು ಯಾವ ಸಾಲಿನಲ್ಲಿ ಬೇರೆ ಕಡೆ ತಿರುಗಿಸಿದರು ಎನ್ನುವುದು ಕೊನೆ ಗೊತ್ತಿದ್ದಾಗ ಮಾತ್ರ ಕಾಣುತ್ತದೆ.

ಸರಣಿಯ ಹೆಸರೇ ಮರೆತಿದೆ. ಮುಖಪುಟದಲ್ಲಿ ದೊಡ್ಡ ಗಡಿಯಾರ ಇತ್ತು, ಅಷ್ಟೇ ನೆನಪು. ಹುಡುಕೋದು ಹೇಗೆ?

ಮುಖಪುಟವನ್ನು ನಂಬಬೇಡಿ. ಪ್ರತಿ ಮರುಮುದ್ರಣದಲ್ಲೂ ಅದು ಬದಲಾಗುತ್ತದೆ. ಕಥೆಯೊಳಗಿನ ವಿಚಿತ್ರ ವಸ್ತು, ರಹಸ್ಯ ಬಿಡಿಸಿದ ರೀತಿ, ಯಾವುದಾದರೂ ಪಾತ್ರದ ಅಡ್ಡಹೆಸರು ಇಷ್ಟನ್ನು ಬರೆದುಕೊಳ್ಳಿ. ನೀವು ಓದಿದ್ದು ಯಾವ ವರ್ಷದ ಆಸುಪಾಸು ಎನ್ನುವುದೂ ಮುಖ್ಯ, ಯಾಕೆಂದರೆ ಪುಸ್ತಕ ಅದಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ. ಪುಸ್ತಕಗಳಿಗೆ ಕೊಡುವ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್, ಅಂತರರಾಷ್ಟ್ರೀಯ ಮಾನದಂಡವಾದದ್ದು 1970ರಲ್ಲಿ. ಅದಕ್ಕೂ ಹಳೆಯ ಪ್ರತಿಗಳಲ್ಲಿ ಆ ಸಂಖ್ಯೆ ಇರುವುದಿಲ್ಲ, ಹಾಗಾಗಿ ಅದರಿಂದಲೇ ಹುಡುಕುವ ತಾಣಗಳಲ್ಲಿ ಸಿಗದಿದ್ದರೆ ಪುಸ್ತಕವೇ ಇರಲಿಲ್ಲ ಅಂದುಕೊಳ್ಳಬೇಡಿ. ಲೈಬ್ರರಿಗಳ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಶೀರ್ಷಿಕೆ ಬಿಟ್ಟು ವಿಷಯದ ಅಡಿ ಹುಡುಕಿ ನೋಡಿ. ಇದೆಲ್ಲಕ್ಕಿಂತ ಬೇಗ ಕೆಲಸ ಆಗುವುದು ಮಕ್ಕಳ ವಿಭಾಗದ ಲೈಬ್ರೇರಿಯನ್ ಹತ್ತಿರ ಕಥೆ ಹೇಳಿದಾಗ. ಅವರಿಗೆ ಇಂಥ ಅರ್ಧಂಬರ್ಧ ನೆನಪುಗಳನ್ನು ಕೇಳಿ ಅಭ್ಯಾಸವಿರುತ್ತದೆ.

ಒಂದನೇ ಭಾಗದಿಂದಲೇ ಶುರು ಮಾಡಬೇಕಾ?

ಬೇಡ. ನಿಮಗೆ ಜಾಸ್ತಿ ನೆನಪಿರುವ ಭಾಗದಿಂದ ಶುರು ಮಾಡಿ. ಇಂಥ ಸರಣಿಗಳಲ್ಲಿ ಪ್ರತಿ ಪುಸ್ತಕವೂ ತನ್ನಷ್ಟಕ್ಕೆ ಮುಗಿಯುತ್ತದೆ, ಮಕ್ಕಳಿಗೆ ವಯಸ್ಸೂ ಆಗುವುದಿಲ್ಲ.

ನನಗೆ ಚೆನ್ನಾಗಿ ನೆನಪಿರುವ ದೃಶ್ಯ ಈಗಿನ ಪ್ರತಿಯಲ್ಲಿ ಇಲ್ಲವೇ ಇಲ್ಲ! ನಾನೇ ಕಲ್ಪಿಸಿಕೊಂಡೆನಾ?

ಇರಬಹುದು, ಇಲ್ಲದೆಯೂ ಇರಬಹುದು. ಹಳೇ ಮಕ್ಕಳ ಸರಣಿಗಳನ್ನು ಪ್ರಕಾಶಕರು ಸದ್ದಿಲ್ಲದೆ ತಿದ್ದುವುದು ಮಾಮೂಲು. ಎಲ್ಲರಿಗೂ ಗೊತ್ತಿರುವ ಉದಾಹರಣೆ ಅಮೆರಿಕದ್ದು. 1927ರಲ್ಲಿ ಶುರುವಾದ ಹಾರ್ಡಿ ಬಾಯ್ಸ್ ಮತ್ತು 1930ರಲ್ಲಿ ಶುರುವಾದ ನ್ಯಾನ್ಸಿ ಡ್ರೂ ಪುಸ್ತಕಗಳನ್ನು 1959ರಿಂದ ಒಂದೊಂದಾಗಿ ಮತ್ತೆ ಬರೆಸಿದರು. 25 ಅಧ್ಯಾಯ ಇದ್ದದ್ದು 20ಕ್ಕೆ ಇಳಿಯಿತು. ಜನಾಂಗಗಳ ಬಗ್ಗೆ ಇದ್ದ ಕೆಟ್ಟ ಮಾತುಗಳನ್ನು ತೆಗೆದರು. ಜೊತೆಗೆ ನಿಧಾನವಾಗಿ ಸಾಗುವ ಎಷ್ಟೋ ಚೆಂದದ ಭಾಗಗಳೂ ಹೋದವು. ಕೆಲವು ಪುಸ್ತಕಗಳಲ್ಲಿ ಶೀರ್ಷಿಕೆ ಬಿಟ್ಟರೆ ಕಥೆಯೇ ಬೇರೆ. ಅಕ್ಕ ಓದಿದ ಪುಸ್ತಕವೂ ತಂಗಿ ಓದಿದ ಪುಸ್ತಕವೂ ಬೇರೆ ಬೇರೆ ಆಗಿರುವುದು ಹೀಗೆ.

ಮುಖಪುಟದ ಮೇಲಿನ ಲೇಖಕರ ಹೆಸರೂ ಹಾಗೇ. ನ್ಯಾನ್ಸಿ ಡ್ರೂ ಬರೆದವರು ಎಂದು ಅಚ್ಚಾಗಿರುವ ಕ್ಯಾರೊಲಿನ್ ಕೀನ್ ಎಂಬ ವ್ಯಕ್ತಿ ಇರಲೇ ಇಲ್ಲ. ಮೊದಲ ಪುಸ್ತಕಗಳಲ್ಲಿ ಹೆಚ್ಚಿನವನ್ನು ಬರೆದದ್ದು ಮಿಲ್ಡ್ರೆಡ್ ವರ್ಟ್ ಬೆನ್ಸನ್ ಎಂದು 1980ರಲ್ಲಿ ಒಂದು ಕೋರ್ಟ್ ಪ್ರಕರಣದ ಮೂಲಕ ಎಲ್ಲರಿಗೂ ತಿಳಿಯಿತು. ನಿಮ್ಮ ಸರಣಿಯ ಎರಡು ಭಾಗಗಳ ಬರವಣಿಗೆ ಒಂದೇ ಕೈಯದ್ದು ಅನಿಸದಿದ್ದರೆ ನಿಮ್ಮ ಅನುಮಾನ ಸರಿಯೇ ಇರಬಹುದು.

ಅನುವಾದದಲ್ಲಿ ಓದಿದ್ದರೆ ಸಂಕ್ಷಿಪ್ತ ಆವೃತ್ತಿಯ ಸಾಧ್ಯತೆಯೂ ಇದೆ. ಮೊದಲ ಕೆಲಸ, ಒಳಪುಟದಲ್ಲಿ ಮುದ್ರಣದ ವರ್ಷ ನೋಡುವುದು.

ಆಗ ಮೈ ಜುಂ ಅಂದಿತ್ತು, ಈಗ ಏನೂ ಅನಿಸ್ತಿಲ್ಲ. ಬಿಟ್ಟುಬಿಡಲಾ?

ಹಗಲು ಹೊತ್ತು, ಫೋನ್ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೀರಾ? ಒಂದು ರಾತ್ರಿ ಒಂದೇ ಪಟ್ಟಿಗೆ ಓದಿ ನೋಡಿ. ಈ ಪುಸ್ತಕಗಳು ಒಂದೇ ಕೂತಿಗೆ ಮುಗಿಯಲೆಂದೇ ಬರೆದವು. ಆಗಲೂ ಹಿಡಿಸದಿದ್ದರೆ ಧಾರಾಳವಾಗಿ ಬಿಡಿ.

## ಕಥೆಯೊಳಗಿನ ಲೈಬ್ರರಿ

ಪುಸ್ತಕದ ಕಾರ್ಡಿನಲ್ಲಿ ಹಿಂದೆ ಯಾರು ತಗೊಂಡಿದ್ರು ಅಂತ ನೋಡಿ ಕಳ್ಳನ್ನ ಹಿಡೀತಾರೆ. ನಿಜವಾಗಿ ಹಾಗೆ ಗೊತ್ತಾಗುತ್ತಾ?

ಲೈಬ್ರರಿಯಲ್ಲಿ ಯಾವ ಪದ್ಧತಿ ಇತ್ತು ಎನ್ನುವುದರ ಮೇಲೆ ಹೋಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಪುಟದಲ್ಲಿ ಅತ್ಯಂತ ಸ್ವಾರಸ್ಯದ ಪ್ರಶ್ನೆ ಇದೇ.

ಹಳೇ ಕಾಲದಲ್ಲಿ ಪುಸ್ತಕ ಎರವಲು ಕೊಡಲು ಎರಡು ಪದ್ಧತಿಗಳು ಹೆಚ್ಚು ಬಳಕೆಯಲ್ಲಿದ್ದವು. ಒಂದು ನ್ಯೂವರ್ಕ್ ಪದ್ಧತಿ. ಅಮೆರಿಕದ ನ್ಯೂವರ್ಕ್ ನಗರದ ಲೈಬ್ರರಿಯಿಂದ ಬಂದ ಹೆಸರು. ಪುಸ್ತಕದ ಜೇಬಿನಲ್ಲಿ ಒಂದು ಕಾರ್ಡ್ ಇರುತ್ತದೆ. ಎರವಲು ಕೊಡುವಾಗ ಅದರ ಮೇಲೆ ತಾರೀಖು ಹಾಗೂ ಸದಸ್ಯರ ಸಂಖ್ಯೆ ಬರೆದು ಲೈಬ್ರರಿಯಲ್ಲೇ ಇಟ್ಟುಕೊಳ್ಳುತ್ತಾರೆ. ಶಾಲೆಯ ಲೈಬ್ರರಿಗಳಲ್ಲಿ ಹೆಸರೇ ಬರೆಯುವುದೂ ಇತ್ತು. ಪುಸ್ತಕ ವಾಪಸ್ ಬಂದಾಗ ಕಾರ್ಡ್ ಮತ್ತೆ ಜೇಬಿಗೆ. ಅದರಲ್ಲಿ ಬರೆದದ್ದು ಅಲ್ಲೇ ಉಳಿಯುತ್ತದೆ. ವರ್ಷಗಳ ನಂತರ ತೆಗೆದರೂ ಯಾರ್ಯಾರು ಯಾವಾಗ ಓದಿದರು ಎಂಬ ಸಾಲು ಸಾಲು ಚರಿತ್ರೆ ಕಾಣುತ್ತದೆ. ಪತ್ತೇದಾರಿ ಮಕ್ಕಳಿಗೆ ಇದು ಹಬ್ಬ.

ಇನ್ನೊಂದು ಬ್ರೌನ್ ಪದ್ಧತಿ. ನೈನಾ ಬ್ರೌನ್ ಎಂಬ ಅಮೆರಿಕದ ಲೈಬ್ರೇರಿಯನ್ 1895ರಲ್ಲಿ ರೂಪಿಸಿದ್ದು. ಇಲ್ಲಿ ಪ್ರತಿ ಸದಸ್ಯನಿಗೂ ಸಣ್ಣ ಜೇಬಿನ ಆಕಾರದ ಟಿಕೆಟ್‌ಗಳಿರುತ್ತವೆ. ಪುಸ್ತಕದ ಕಾರ್ಡನ್ನು ಆ ಜೇಬಿಗೆ ಸೇರಿಸಿ, ಹಿಂತಿರುಗಿಸುವ ತಾರೀಖಿನ ಹಿಂದೆ ಜೋಡಿಸಿಡುತ್ತಾರೆ. ಪುಸ್ತಕ ವಾಪಸ್ ಬಂತೋ, ಕಾರ್ಡ್ ಪುಸ್ತಕಕ್ಕೆ, ಟಿಕೆಟ್ ಸದಸ್ಯನ ಕೈಗೆ. ಎಲ್ಲೂ ಏನೂ ಬರೆದಿರುವುದಿಲ್ಲ. ಪುಸ್ತಕಕ್ಕೆ ಅಂಟಿಸಿದ ಚೀಟಿಯಲ್ಲಿ ತಾರೀಖಿನ ಸೀಲು ಉಳಿಯುತ್ತದೆ, ಹೆಸರಿಲ್ಲ.

ಹಾಗಾಗಿ ನಿಮ್ಮ ಕಥೆಯಲ್ಲಿ ಸದಸ್ಯರ ಕೈಯಲ್ಲಿ ಟಿಕೆಟ್ ಇದ್ದು, ಆಮೇಲೆ ಹಳೇ ಓದುಗರ ಹೆಸರು ಕಾರ್ಡಿನಲ್ಲಿ ಸಿಕ್ಕಿದ್ದರೆ, ಲೇಖಕರು ಎರಡು ಪದ್ಧತಿಗಳನ್ನು ಕಲಸಿದ್ದಾರೆ. ಒಳ್ಳೆಯ ಲೇಖಕರು ಬ್ರೌನ್ ಪದ್ಧತಿಯ ಮರೆವನ್ನೇ ಉಪಯೋಗಿಸಿಕೊಳ್ಳುತ್ತಾರೆ. ಪುಸ್ತಕ ಹೊರಗಿರುವಷ್ಟು ದಿನ ಮಾತ್ರ ಯಾರ ಹತ್ತಿರ ಇದೆ ಎಂದು ಗೊತ್ತಿರುತ್ತದೆ. ಕಳ್ಳ ಅದನ್ನು ಸದ್ದಿಲ್ಲದೆ ವಾಪಸ್ ಕೊಟ್ಟುಬಿಟ್ಟರೆ ಸಾಕ್ಷಿಯೇ ಮಾಯ. ಮಕ್ಕಳು ಆ ದಿನದೊಳಗೆ ಲೈಬ್ರರಿಗೆ ಓಡಬೇಕು!

ಈಗಿನ ಲೈಬ್ರೇರಿಯನ್ ಹತ್ತಿರ ಹೋಗಿ ಕೇಳಿದ್ರೆ ಹೇಳ್ತಾರಾ?

ಹೇಳಬಾರದು. ಓದುಗರ ಗುಟ್ಟು ಕಾಪಾಡಬೇಕು ಎಂಬ ಮಾತು ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ನಿನ 1939ರ ನೀತಿಸಂಹಿತೆಯಲ್ಲೇ ಇದೆ. ಪುಸ್ತಕ ವಾಪಸ್ ಬಂದ ಕೂಡಲೇ ಓದುಗರ ಹೆಸರಿನ ಕೊಂಡಿ ಕಡಿದುಹಾಕುವ ಕಂಪ್ಯೂಟರ್ ವ್ಯವಸ್ಥೆಗಳೂ ಇವೆ. ಕಥೆಯ ಲೈಬ್ರೇರಿಯನ್ ಹತ್ತು ವರ್ಷದ ಹುಡುಗನಿಗೆ ರಿಜಿಸ್ಟರ್ ತೆಗೆದು ತೋರಿಸಿದರೆ ನಾನು ಪುಸ್ತಕದ ಅಂಚಿನಲ್ಲಿ ಒಂದು ಗೆರೆ ಎಳೆಯುತ್ತೇನೆ.

133, 398 ಅಂತ ನಂಬರ್‌ಗಳು ಸುಳಿವಾಗಿ ಬರುತ್ತವೆ. ಅವನ್ನ ಸುಮ್ನೆ ಹಾಕಿರ್ತಾರಾ?

ಸಾಮಾನ್ಯವಾಗಿ ಇಲ್ಲ. ಅವು ಪುಸ್ತಕಗಳನ್ನು ವಿಷಯದ ಪ್ರಕಾರ ಕಪಾಟಿನಲ್ಲಿ ಜೋಡಿಸಲು ಅಮೆರಿಕದ ಲೈಬ್ರೇರಿಯನ್ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದ ಸಂಖ್ಯೆಗಳು. ಜ್ಞಾನವನ್ನೆಲ್ಲ 10 ದೊಡ್ಡ ವರ್ಗ ಮಾಡಿ, ಒಂದೊಂದನ್ನೂ ಹತ್ತು ಹತ್ತಾಗಿ ಒಡೆಯುತ್ತಾ ಹೋಗುವ ಪದ್ಧತಿ. 133 ಅಂದರೆ ಭೂತ, ಮಾಟ, ಅತೀಂದ್ರಿಯ. 398 ಜನಪದ ಕಥೆ. 364 ಅಪರಾಧ. 652.8 ಗುಪ್ತ ಲಿಪಿ. ನಮ್ಮ ಕನ್ನಡ ಸಾಹಿತ್ಯ 894.814. ಮತ್ತೆ ಓದುವಾಗ ಪಕ್ಕದಲ್ಲಿ ಒಂದು ಡ್ಯೂಯಿ ಪಟ್ಟಿ ಇಟ್ಟುಕೊಳ್ಳಿ. ಯಾರು ಯಾವ ಕಪಾಟಿನ ಹತ್ತಿರ ನಿಂತಿದ್ದರು ಎನ್ನುವುದರಲ್ಲೇ ಲೇಖಕರು ಗುಟ್ಟು ಬಿಟ್ಟುಕೊಟ್ಟಿರುವುದು ಕೆಲವೊಮ್ಮೆ ಕಾಣುತ್ತದೆ.

ಎಲ್ಲ ಲೈಬ್ರರಿಗಳೂ ಡ್ಯೂಯಿಯನ್ನೇ ಬಳಸುವುದಿಲ್ಲ. ನಮ್ಮ ದೇಶದ ಲೈಬ್ರೇರಿಯನ್ ಎಸ್. ಆರ್. ರಂಗನಾಥನ್ 1933ರಲ್ಲಿ ತಂದ ಕೋಲನ್ ವರ್ಗೀಕರಣ ಪದ್ಧತಿಯಲ್ಲಿ ಅಕ್ಷರ, ಅಂಕಿ, ವಿರಾಮ ಚಿಹ್ನೆ ಎಲ್ಲ ಸೇರುತ್ತವೆ. ಸಂಕೇತದ ಕಥೆ ಕಟ್ಟುವವರು ಅದನ್ನು ಇಷ್ಟು ಕಡಿಮೆ ಬಳಸಿರುವುದು ನನಗೆ ಆಶ್ಚರ್ಯ.

ಲೈಬ್ರರಿಯಲ್ಲಿ ಪುಸ್ತಕ ಬಚ್ಚಿಡೋಕೆ ಗುಪ್ತ ಕೋಣೆ ಬೇಕೇ ಬೇಕಾ?

ಏನೂ ಬೇಡ. ತಪ್ಪು ಕಪಾಟಿನಲ್ಲಿ ಇಟ್ಟರೆ ಸಾಕು. ಸಾವಿರಾರು ಪುಸ್ತಕಗಳ ನಡುವೆ ಜಾಗ ತಪ್ಪಿದ ಪುಸ್ತಕ, ದಾಸ್ತಾನು ಎಣಿಸುವ ದಿನದವರೆಗೆ ಕಳೆದುಹೋದ ಹಾಗೇ. ಇದನ್ನೇ ತಿರುವಾಗಿ ಬಳಸಿದ ಕಥೆಗಳು ತಿರುಗುವ ಗೋಡೆಯ ಕಥೆಗಳಿಗಿಂತ ನನಗೆ ಹೆಚ್ಚು ಇಷ್ಟ.

ಸೀಲು ಇರುವ ಪುಟ ಹರಿದುಬಿಟ್ರೆ ಪುಸ್ತಕ ಯಾರದು ಅಂತ ಗೊತ್ತಾಗಲ್ಲ, ಅಲ್ವಾ?

ಗೊತ್ತಾಗುತ್ತದೆ. ಎಷ್ಟೋ ಲೈಬ್ರರಿಗಳು ಮೊದಲ ಪುಟದ ಜೊತೆಗೆ ಒಳಗಿನ ಒಂದು ಗೊತ್ತಾದ ಪುಟಕ್ಕೂ ಸೀಲು ಹಾಕುತ್ತವೆ. ಯಾವ ಪುಟ ಎನ್ನುವುದು ಆ ಲೈಬ್ರರಿಯವರಿಗೆ ಮಾತ್ರ ಗೊತ್ತು, ಎಲ್ಲ ಪುಸ್ತಕದಲ್ಲೂ ಅದೇ ಪುಟ. ಜೊತೆಗೆ ಪ್ರತಿ ಪ್ರತಿಗೂ ಒಂದು ಪ್ರವೇಶ ಸಂಖ್ಯೆ ಇರುತ್ತದೆ. ರಿಜಿಸ್ಟರಿನಲ್ಲಿ ಆ ಸಂಖ್ಯೆಯ ಎದುರು ಪುಸ್ತಕ ಯಾವಾಗ, ಎಲ್ಲಿಂದ ಬಂತು ಎಂದು ಬರೆದಿರುತ್ತದೆ. ಸಂಖ್ಯೆ ಅಳಿಸಿದರೂ ರಿಜಿಸ್ಟರಿನ ಸಾಲು ಹೋಗುವುದಿಲ್ಲ.

ಪುಟ, ಸಾಲು, ಪದ ಅಂತ ಅಂಕಿ ಬರೆದು ಗುಪ್ತ ಸಂದೇಶ ಕಳಿಸ್ತಾರೆ. ಮನೆಯಲ್ಲಿ ಮಾಡಿ ನೋಡಬಹುದಾ?

ಧಾರಾಳವಾಗಿ. 47-6-3 ಅಂದರೆ 47ನೇ ಪುಟ, 6ನೇ ಸಾಲು, 3ನೇ ಪದ. ಇಬ್ಬರ ಹತ್ತಿರವೂ ಒಂದೇ ಪುಸ್ತಕ ಇರಬೇಕು. ಅದೂ ಒಂದೇ ಮುದ್ರಣದ್ದು. ಅಕ್ಷರದ ಅಳತೆ ಬದಲಾದರೂ ಸಾಲು ಜಾರಿ ಸಂದೇಶ ಅಸಂಬದ್ಧವಾಗುತ್ತದೆ. ಕಥೆಗಳು ಎಡವುವುದು ಇಲ್ಲೇ. ನಾಯಕ ಬೇರೆಲ್ಲೋ ಸಿಕ್ಕ ಪ್ರತಿಯಿಂದ ಪಟಪಟ ಓದಿ ಹೇಳಿಬಿಡುತ್ತಾನೆ.

ಇದು ನಿಜವಾಗಿಯೂ ಬಳಕೆಯಲ್ಲಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿನಲ್ಲಿ ಬೆನೆಡಿಕ್ಟ್ ಆರ್ನಲ್ಡ್ ಎಂಬ ಅಮೆರಿಕದ ಸೇನಾಧಿಕಾರಿ ಶತ್ರುಗಳಾದ ಬ್ರಿಟಿಷರ ಜೊತೆ ಗುಟ್ಟಾಗಿ ಹೀಗೆ ಪತ್ರ ನಡೆಸಿದ. ಮೊದಲು ಒಂದು ಕಾನೂನಿನ ಪುಸ್ತಕ ಬಳಸಿದರು, ಆಮೇಲೆ ನಿಘಂಟಿಗೆ ಬದಲಾಯಿಸಿದರು. ನಿಘಂಟೇ ಸುಲಭ. ಬೇಕಾದ ಪದ ಅಕಾರಾದಿಯಲ್ಲಿ ತಟ್ಟನೆ ಸಿಗುತ್ತದೆ, ಕಾದಂಬರಿಯಲ್ಲಿ ಒಂದೊಂದು ಪದಕ್ಕೂ ಪುಟ ತಿರುವಬೇಕು.

ನಿಜ ಜೀವನದಲ್ಲಿ ಇಂಥ ಪ್ರಕರಣ ನಡೆದಿದೆಯಾ?

ಕಥೆಗಿಂತ ಚೆನ್ನಾಗಿ ನಡೆದಿದೆ. 2005ರ ಜೂನ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ಬೈನೆಕೆ ಲೈಬ್ರರಿಯ ನೆಲದ ಮೇಲೆ ಸಿಬ್ಬಂದಿಯೊಬ್ಬರಿಗೆ ಒಂದು ಬ್ಲೇಡ್ ಕಂಡಿತು. ಅಪರೂಪದ ಪುಸ್ತಕಗಳ ಕೋಣೆಯಲ್ಲಿ ಬ್ಲೇಡಿಗೇನು ಕೆಲಸ? ಅಲ್ಲಿ ಕೂತು ಹಳೇ ನಕ್ಷೆಗಳನ್ನು ನೋಡುತ್ತಿದ್ದ ಫೋರ್ಬ್ಸ್ ಸ್ಮೈಲಿ ಎಂಬ ನಕ್ಷೆ ವ್ಯಾಪಾರಿಯ ಮೇಲೆ ಕಣ್ಣಿಟ್ಟರು, ಅವನು ಸಿಕ್ಕಿಬಿದ್ದ. ಬೇರೆ ಬೇರೆ ಲೈಬ್ರರಿಗಳಿಂದ 97 ನಕ್ಷೆ ಕದ್ದದ್ದನ್ನು ಆಮೇಲೆ ಒಪ್ಪಿಕೊಂಡ.

ಇನ್ನೊಂದು ಸ್ಟೀಫನ್ ಬ್ಲೂಂಬರ್ಗ್‌ನದು. 1990ರಲ್ಲಿ ಅಯೋವಾ ರಾಜ್ಯದ ಅವನ ಮನೆಯಲ್ಲಿ 23,000ಕ್ಕೂ ಜಾಸ್ತಿ ಕದ್ದ ಪುಸ್ತಕಗಳು ಸಿಕ್ಕವು.

ನನಗೆ ಇಷ್ಟವಾದದ್ದು ಮಾತ್ರ ಕಳ್ಳತನವೇ ಅಲ್ಲದ ಪ್ರಕರಣ. ನ್ಯೂಯಾರ್ಕ್ ಸೊಸೈಟಿ ಲೈಬ್ರರಿಯ ಹಳೇ ಲೆಡ್ಜರಿನಲ್ಲಿ 1789ರ ಅಕ್ಟೋಬರ್ 5ರಂದು ಎರಡು ಪುಸ್ತಕ ಹೊರಹೋದ ದಾಖಲೆ ಇದೆ. ಎರವಲು ಪಡೆದವರ ಜಾಗದಲ್ಲಿ ಬರೆದಿರುವುದು ಬರೀ ‘ಪ್ರೆಸಿಡೆಂಟ್’ ಅಂತ. ಅಂದರೆ ಜಾರ್ಜ್ ವಾಷಿಂಗ್ಟನ್. ಪುಸ್ತಕ ವಾಪಸ್ ಬಂದ ದಾಖಲೆ ಇಲ್ಲ. 2010ರಲ್ಲಿ ವಾಷಿಂಗ್ಟನ್ ಮನೆಯನ್ನು ನೋಡಿಕೊಳ್ಳುವ ಸಂಸ್ಥೆ ಅವುಗಳಲ್ಲಿ ಒಂದರ ಅದೇ ಆವೃತ್ತಿಯ ಬೇರೊಂದು ಪ್ರತಿ ಹುಡುಕಿ ತಂದುಕೊಟ್ಟಿತು. ದಂಡ ಹಾಕಲಿಲ್ಲ.

## ದೊಡ್ಡವರ ಕಣ್ಣಿನಲ್ಲಿ

ಕಥೆಯ ಲೈಬ್ರೇರಿಯನ್ ಯಾಕೆ ಯಾವಾಗಲೂ ಸಿಡುಕು ಮೋರೆಯವಳು?

ಮಕ್ಕಳ ಕಣ್ಣಿನಲ್ಲಿ ಹೇಳಿದ ಕಥೆ, ಅದಕ್ಕೆ. ಈಗ ಅವಳು ಬರುವ ಪುಟಗಳನ್ನಷ್ಟೇ ಬೇರೆಯಾಗಿ ಓದಿ ನೋಡಿ. ಬೇಕಾದ ಪುಸ್ತಕ ಬೇಕಾದ ಹೊತ್ತಿಗೆ ಮಕ್ಕಳ ಕೈಗೆ ಹೇಗೆ ಬಂತು? ಬಾಗಿಲು ಹಾಕುವ ಹೊತ್ತಾದರೂ ಅವಳು ಯಾಕೆ ಎಬ್ಬಿಸಲಿಲ್ಲ? ಅರ್ಧ ರಹಸ್ಯ ಅವಳೇ ಬಿಡಿಸಿ, ಹೆಸರು ಮಕ್ಕಳಿಗೆ ಬಿಟ್ಟಿರುವುದು ಒಂದೆರಡು ಪುಸ್ತಕದಲ್ಲಾದರೂ ಕಂಡೀತು. ಪಾಪ, ಕೊನೆಯ ಪುಟದ ಸಂಭ್ರಮಕ್ಕೆ ಅವಳನ್ನು ಕರೆದೇ ಇರುವುದಿಲ್ಲ.

ಹಳೇ ಪುಸ್ತಕದ ಕೆಲವು ಮಾತು ಈಗ ಚುಚ್ಚುತ್ತೆ. ಮಗುವಿಗೆ ಓದಿ ಹೇಳಬಹುದಾ?

ಬಡವ, ಅಂಗವಿಕಲ, ಬೇರೆ ದೇಶದವ, ಮುಖದ ಮೇಲೆ ಗಾಯದ ಗುರುತು ಇರುವವ. ಇವರಲ್ಲಿ ಯಾರಾದರೂ ಒಳಗೆ ಬಂದರೆ ಹಳೇ ಕಥೆಯಲ್ಲಿ ಅವನೇ ಕಳ್ಳ. ಅದು ಕೆಟ್ಟದ್ದು ಮಾತ್ರವಲ್ಲ, ಪತ್ತೇದಾರಿ ಕಥೆಯಾಗಿಯೂ ಸೋಮಾರಿತನ. ಮಗುವಿಗೆ ಓದುವಾಗ ನಾನಾದರೆ ಅಲ್ಲೇ ನಿಲ್ಲಿಸಿ, ‘ಇವನ ಮೇಲೆ ಅನುಮಾನ ಪಡೋಕೆ ಲೇಖಕರು ಕೊಟ್ಟ ಸಾಕ್ಷಿ ಏನು?’ ಎಂದು ಕೇಳುತ್ತೇನೆ. ಸಾಕ್ಷಿ ಇಲ್ಲ ಎಂದು ಮಕ್ಕಳು ಬೇಗ ಹಿಡಿಯುತ್ತಾರೆ. ಪುಸ್ತಕ ಪೂರ್ತಿ ಅದರ ಮೇಲೇ ನಿಂತಿದ್ದರೆ ಓದಬೇಡಿ, ಸರಣಿಯಲ್ಲಿ ಬೇರೆ ಭಾಗಗಳಿವೆ.

ಕಾರ್ಡ್ ಕ್ಯಾಟಲಾಗ್ ಅಂದ್ರೆ ಏನು ಅಂತ ಮಗಳು ಕೇಳ್ತಾಳೆ. ಹೇಗೆ ವಿವರಿಸಲಿ?

ಸಣ್ಣ ಸಣ್ಣ ಡ್ರಾಯರ್‌ಗಳ ಕಪಾಟು. ಒಳಗೆ ಅಂಗೈ ಅಗಲದ ಕಾರ್ಡ್‌ಗಳು, ಒಂದೊಂದರಲ್ಲೂ ಪುಸ್ತಕದ ವಿವರ ಮತ್ತು ಅದು ಇರುವ ಜಾಗ. ಕಾರ್ಡಿನ ಕೆಳಗಿನ ತೂತಿನಲ್ಲಿ ಒಂದು ಸರಳು ಹಾಯಿಸಿರುತ್ತಾರೆ, ಯಾರೂ ಎತ್ತಿಕೊಂಡು ಹೋಗದಿರಲಿ ಅಂತ. ಕಾರ್ಡ್ ಹೋದರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದ ಹಾಗೆ.

ಕಥೆಯಲ್ಲಿ ಕಳ್ಳ ಒಂದು ಕಾರ್ಡ್ ಹರಿದು ಪುಸ್ತಕವನ್ನೇ ಮಾಯ ಮಾಡಿದ್ದರೆ ಮಗಳಿಗೆ ಇದನ್ನೂ ಹೇಳಿ: ಒಂದು ಪುಸ್ತಕಕ್ಕೆ ಲೇಖಕರ ಹೆಸರಿನಲ್ಲಿ, ಶೀರ್ಷಿಕೆಯಲ್ಲಿ, ವಿಷಯದಲ್ಲಿ ಬೇರೆ ಬೇರೆ ಕಾರ್ಡ್ ಇರುತ್ತಿತ್ತು. ಸಿಬ್ಬಂದಿಯ ಹತ್ತಿರ ಕಪಾಟಿನ ಕ್ರಮದಲ್ಲೇ ಜೋಡಿಸಿದ ಇನ್ನೊಂದು ಕಾರ್ಡ್. ಅಷ್ಟನ್ನೂ ತೆಗೆಯಬಲ್ಲವರು ಒಳಗಿನವರೇ ಇರಬೇಕು. ಅನೇಕ ಕಥೆಗಳ ಅನುಮಾನಿತರ ಪಟ್ಟಿ ಇಷ್ಟರಲ್ಲೇ ಅರ್ಧಕ್ಕೆ ಇಳಿಯುತ್ತದೆ. ಬಹಳ ಹಿಂದಿನ ಮಾತು ಅಂದುಕೊಳ್ಳಬೇಡಿ. ಲೈಬ್ರರಿಗಳಿಗೆ ಕಾರ್ಡ್ ಮುದ್ರಿಸಿ ಕಳಿಸುತ್ತಿದ್ದ ಒಸಿಎಲ್‌ಸಿ ಸಂಸ್ಥೆ ಅದನ್ನು ನಿಲ್ಲಿಸಿದ್ದು 2015ರ ಅಕ್ಟೋಬರ್‌ನಲ್ಲಿ.

ಮೊಬೈಲ್ ಇದ್ದಿದ್ರೆ ಈ ಕಥೆಗಳೆಲ್ಲ ಎರಡೇ ಪುಟಕ್ಕೆ ಮುಗೀತಿದ್ವು, ಅಲ್ವಾ?

ನೆಲಮಾಳಿಗೆಯಲ್ಲಿ ಸಿಕ್ಕಿಕೊಳ್ಳುವ ಅಧ್ಯಾಯ ಮುಗಿಯುತ್ತಿತ್ತು. ಕೈಬರಹದ ರಿಜಿಸ್ಟರ್ ಓದುವ ಅಧ್ಯಾಯಕ್ಕೆ ಏನೂ ಆಗುತ್ತಿರಲಿಲ್ಲ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಲೇಖಕರು ಮೋಸ ಮಾಡದೆ ಸುಳಿವು ಕೊಟ್ಟಿದ್ದಾರಾ ಅಂತ ಪರೀಕ್ಷಿಸೋದು ಹೇಗೆ?

ಪೆನ್ಸಿಲ್ ಹಿಡಿದು ಓದಿ. ರಹಸ್ಯ ಬಿಡಿಸುವ ಅಧ್ಯಾಯವನ್ನು ಮೊದಲು ಓದಿ, ಅದರಲ್ಲಿ ಬರುವ ಪ್ರತಿ ಸಾಕ್ಷಿಯನ್ನೂ ಬರೆದುಕೊಳ್ಳಿ. ಆಮೇಲೆ ಶುರುವಿನಿಂದ ಓದುತ್ತಾ ಆ ಸಾಕ್ಷಿ ನಮಗೆ ಮೊದಲು ಎಲ್ಲಿ ಕಂಡಿತು ಎಂದು ಪುಟ ಗುರುತು ಮಾಡಿ. ಗುರುತೇ ಸಿಗದ ಸಾಕ್ಷಿ ಇದ್ದರೆ ಅದು ಮೋಸ.

ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾನೂ ಪತ್ತೇದಾರಿ ಲೇಖಕ, 1929ರಲ್ಲಿ ಇದಕ್ಕೆ ಹತ್ತು ನಿಯಮ ಬರೆದ. ಅದರಲ್ಲಿ ಒಂದು, ಗುಪ್ತ ಕೋಣೆಯೋ ದಾರಿಯೋ ಒಂದಕ್ಕಿಂತ ಜಾಸ್ತಿ ಇರಬಾರದು. ಲೈಬ್ರರಿ ಸರಣಿಗಳು ಹೆಚ್ಚಾಗಿ ಫೇಲಾಗುವುದು ಈ ನಿಯಮದಲ್ಲಿ.

ನನ್ನ ಹಳೇ ಪ್ರತಿಗಳು ಹಳದಿಯಾಗಿ ಮುಟ್ಟಿದ್ರೆ ಪುಡಿಯಾಗ್ತಿವೆ. ಏನು ಮಾಡಲಿ?

ಅಗ್ಗದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುತ್ತದೆ, ಅದೇ ನಿಧಾನವಾಗಿ ನಾರನ್ನು ತಿನ್ನುತ್ತದೆ. ಬೆಳಕು, ಬಿಸಿ, ತೇವ ಸೇರಿದರೆ ಇನ್ನೂ ಬೇಗ. ಬಿಸಿಲು ಬೀಳದ, ಗಾಳಿಯಾಡುವ ಒಣ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿಡಿ. ಸಾಮಾನ್ಯ ಸೆಲ್ಲೋ ಟೇಪ್ ಮಾತ್ರ ಹಚ್ಚಬೇಡಿ. ಅದರ ಅಂಟು ಕೆಲ ವರ್ಷಗಳಲ್ಲಿ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಮತ್ತೆ ಓದಲು ಬೇರೆ ಪ್ರತಿ ತೆಗೆದುಕೊಂಡು ಹಳೆಯದನ್ನು ಹಾಗೇ ಇಡುವುದು ಉತ್ತಮ.

ನಾನೇ ಒಂದು ಲೈಬ್ರರಿ ಪತ್ತೇದಾರಿ ಕಥೆ ಬರೀಬೇಕು ಅಂತಿದ್ದೀನಿ. ಎಲ್ಲಿಂದ ಶುರು ಮಾಡಲಿ?

ಕಳ್ಳನಿಂದ ಬೇಡ. ನಿಮ್ಮ ಲೈಬ್ರರಿ ಯಾವುದನ್ನು ಬರೆದಿಡುತ್ತದೆ, ಯಾವುದನ್ನು ಮರೆಯುತ್ತದೆ ಎಂದು ಮೊದಲು ತೀರ್ಮಾನ ಮಾಡಿ. ನ್ಯೂವರ್ಕ್ ಪದ್ಧತಿಯ ಲೈಬ್ರರಿ ಆದರೆ ಕಳ್ಳನಿಗೆ ಕಾರ್ಡನ್ನೇ ಬದಲಿಸುವ ಅವಕಾಶ ಬೇಕು. ಹೊಸ ಕಾರ್ಡಿನಲ್ಲಿ ಹಳೇ ತಾರೀಖುಗಳೆಲ್ಲ ಒಂದೇ ಶಾಯಿಯಲ್ಲಿರುತ್ತವೆ, ಮಕ್ಕಳು ಅದನ್ನು ಗಮನಿಸಲಿ. ಬ್ರೌನ್ ಪದ್ಧತಿ ಆದರೆ ಗಡುವು ಇಟ್ಟು ಓಡಿಸಿ. ಕಂಪ್ಯೂಟರ್ ಲೈಬ್ರರಿ ಆದರೆ ಎರವಲಿನ ದಾಖಲೆಯ ಕಡೆ ಹೋಗಲೇಬೇಡಿ, ಪುಸ್ತಕದ ಅಂಚಿನ ಟಿಪ್ಪಣಿ, ಮಡಚಿದ ಪುಟ, ಒಳಗೆ ಮರೆತುಬಿಟ್ಟ ಬಸ್ ಟಿಕೆಟ್ ಇವುಗಳನ್ನು ಹಿಡಿಯಿರಿ. ಬರೆಯುವ ಮುಂಚೆ ಯಾವುದಾದರೂ ಲೈಬ್ರರಿಯಲ್ಲಿ ಕೇಳಿ, ವಾಪಸ್ ಬಂದ ಪುಸ್ತಕಗಳು ಕಪಾಟಿಗೆ ಮರಳುವುದನ್ನು ಅರ್ಧ ದಿನ ನಿಂತು ನೋಡಿ. ಗುಪ್ತ ದಾರಿ ಬೇಕೇ ಬೇಕು ಅನಿಸಿದರೆ ಒಂದು ಇಟ್ಟುಕೊಳ್ಳಿ.